ಮಹಡಿ ಬಸ್ಸಿನ ಕೆಳಗೆ

ಮಾಯಣ್ಣ ಸತ್ತು ಬಿದ್ದಿದ್ದ.

ಬಸ್ಸಿನ ಹಿಂದಿನ ಎಡಗಾಲಿ ಅವನ ಎದೆಯ ಮೇಲೆ ನಿಂತಿತ್ತು. ಕಾಲೆರಡೂ ಆಚೆಗೆ ಚಾಚಿದ್ದವು. ಒಂದು ಚಪ್ಪಲಿ ಕಳಚಿ ಬಿದ್ದಿತ್ತು. ಹೊಸ ಕೆಂಪು ಬಣ್ಣ ಬಳಿಸಿಕೊಂಡು, ಮೈಸುತ್ತ ಚೆಂಡುಹೂವಿನ ಹಾರ ಹಾಕಿಸಿಕೊಂಡು, ಡಬಲ್ ಡೆಕ್ಕರ್ ಬಸ್ಸು ಏನೂ ಆಗದ ಹಾಗೆ ನಿಂತಿತ್ತು.

ಇಸವಿ ಎರಡು ಸಾವಿರದ ಮೂರು. ಡಿಸೆಂಬರಿನ ಒಂದು ಸೋಮವಾರ, ಬೆಳಗ್ಗೆ ಏಳೂ ಕಾಲು. ಚಾಮರಾಜಪೇಟೆ ಮುಗಿದು ಬಸವನಗುಡಿ ಶುರುವಾಗುವ ಕಡೆ, ಬುಲ್ ಟೆಂಪಲ್ ರಸ್ತೆಗೆ ಗೇಟು ತೆರೆಯುವ ಹಳೇ ಎಣ್ಣೆ ಮಿಲ್ಲಿನ ಶೆಡ್ಡು. ಬೀಗ ತೆಗೆದವನು ಡ್ರೈವರ್ ಶೀನಣ್ಣ. ಅವನ ಹಿಂದೆಯೇ ಒಳಗೆ ಕಾಲಿಟ್ಟವರು ಚಕ್ರಪಾಣಿ.

ಚಕ್ರಪಾಣಿ ಮೂವತ್ತೆರಡು ವರ್ಷ ಸಿಟಿ ಬಸ್ಸುಗಳಲ್ಲಿ ಟಿಕೆಟ್ ಚೆಕಿಂಗ್ ಇನ್ಸ್‌ಪೆಕ್ಟರಾಗಿದ್ದವರು. ನಿವೃತ್ತರಾಗಿ ಐದು ವರ್ಷವಾಗಿತ್ತು. ಕಣ್ಣು ಮಾತ್ರ ನಿವೃತ್ತವಾಗಿರಲಿಲ್ಲ, ಮೂಗಿನ ತುದಿಯ ಕೋಪವೂ ಅಷ್ಟೆ. ಮಹಡಿ ಬಸ್ಸನ್ನು ಮತ್ತೆ ಓಡಿಸುವ ಸಮಿತಿಗೆ ಅವರನ್ನು ಗೌರವ ಸಲಹೆಗಾರರೆಂದು ಹಾಕಿಕೊಂಡಿದ್ದರು. ಮಾಯಣ್ಣ ಅವರ ಡಿಪೋದಲ್ಲೇ ಮೆಕ್ಯಾನಿಕ್ ಆಗಿದ್ದವನು.

ಪೊಲೀಸರಿಗಿಂತ ಮುಂಚೆ ಮನೋಹರ್ ಬಂದ. ಎರಡು ಸಲ ಕಾರ್ಪೊರೇಟರ್. ಈ ಸಲ ಎಂ.ಎಲ್.ಎ. ಟಿಕೆಟ್ಟಿನ ಮೇಲೆ ಕಣ್ಣು. ಬಿಳಿ ಅಂಗಿ, ಎಂಟು ಉಂಗುರ. ಏಳೆಂಟು ವರ್ಷದ ಹಿಂದೆ ನಿಂತುಹೋಗಿದ್ದ ಮಹಡಿ ಬಸ್ಸೆಂದರೆ ಈ ಬಡಾವಣೆಗಳ ಜನಕ್ಕೆ ಎಂಥ ಪ್ರೀತಿ ಎಂದು ಅವನಿಗೆ ಗೊತ್ತಿತ್ತು. ಗುಜರಿಯಲ್ಲಿ ಬಿದ್ದಿದ್ದ ಒಂದನ್ನು ಎಳೆತಂದಿದ್ದ. ಬಸ್ಸು ಓಡಿದರೆ ವೋಟು ತಾನಾಗಿ ಬರುತ್ತದೆ ಎಂಬುದು ಅವನ ಲೆಕ್ಕ.

"ಅಯ್ಯೋ ಪಾಪ," ಎಂದ ಮನೋಹರ್. ಮರುಕ್ಷಣ ಗಡಿಯಾರ ನೋಡಿಕೊಂಡ.

ಚಕ್ರಪಾಣಿಗೆ ಮೈಯೆಲ್ಲ ಉರಿದುಹೋಯಿತು.

"ರಾತ್ರಿ ಕುಡ್ಕೊಂಡು ಬಂದು ಕೆಳಗೆ ಮಲಗಿರ್ತಾನೆ ಸಾರ್," ಎಂದ ಮನೋಹರ್. "ಈ ಬಸ್ಸಿಗೆ ಹ್ಯಾಂಡ್ ಬ್ರೇಕ್ ಸರಿಯಾಗಿ ಹಿಡಿಯಲ್ಲ. ಗಾಲಿಗೆ ಒತ್ತು ಕೊಟ್ಟಿದ್ದ ಕಲ್ಲು ಜಾರಿದೆ. ನೆಲ ನೋಡಿ, ಗೇಟಿನ ಕಡೆ ಇಳಿಜಾರು. ತಾನಾಗೇ ಉರುಳಿದೆ."

"ಮಾಯಣ್ಣ ಕುಡೀತಿರಲಿಲ್ಲ."

"ಯಾರಿಗ್ಗೊತ್ತು ಸಾರ್?"

"ನನಗ್ಗೊತ್ತು ಕಣಯ್ಯಾ!"

ಮನೋಹರ್ ಗೇಟಿನ ಹೊರಗೆ ಪೆಂಡಾಲು ಕಟ್ಟುತ್ತಿದ್ದವರ ಕಡೆ ತಿರುಗಿ ಕೂಗಿದ. "ಯಾರೂ ಕೆಲಸ ನಿಲ್ಲಿಸ್ಬೇಡಿ! ಹನ್ನೊಂದಕ್ಕೆ ಸಚಿವರು ಬರ್ತಾರೆ. ಈ ಬಸ್ಸು ಓಡಬೇಕು ಅನ್ನೋದೇ ಮಾಯಣ್ಣನ ಕೊನೇ ಆಸೆ. ಅವನ ಹೆಸರಲ್ಲೇ ಓಡ್ಸೋಣ!"

ಹನ್ನೊಂದಕ್ಕೆ ಬಾವುಟ ತೋರಿಸಿದ ಕೂಡಲೇ ಬಸ್ಸು ಈ ಗೇಟಿನಿಂದಲೇ ಹೊರಟು ಮಲ್ಲೇಶ್ವರಕ್ಕೆ ಹೋಗಬೇಕಿತ್ತು. ಮೇಲಿನ ಮಹಡಿಯಲ್ಲಿ ಸುತ್ತಮುತ್ತಲ ಶಾಲೆಗಳ ನಲವತ್ತು ಮಕ್ಕಳು. ಎಲ್ಲರಿಗಿಂತ ಮುಂದಿನ ಸೀಟು ಚಕ್ರಪಾಣಿಯ ಮೊಮ್ಮಗಳು ತನ್ಮಯಿಗೆ. ಹಾಗೆಂದು ಅವರೇ ಹೇಳಿ ಇಡಿಸಿದ್ದರು.

* * *

ಸಬ್ ಇನ್ಸ್‌ಪೆಕ್ಟರ್ ಯಶಶ್ರೀ ಬಂದಾಗ ಎಂಟು ಗಂಟೆ. ವಯಸ್ಸು ಮೂವತ್ತರೊಳಗೆ, ಮಾತು ಕಡಿಮೆ. ಜಾಕ್ ಕೊಟ್ಟು ಬಸ್ಸನ್ನೆತ್ತಿ ಹೆಣ ಹೊರಗೆಳೆದರು. ಅದನ್ನು ಆಸ್ಪತ್ರೆಗೆ ಸಾಗಿಸಿದ ಮೇಲೂ ಚಕ್ರಪಾಣಿ ಅಲ್ಲಿಂದ ಕದಲಲಿಲ್ಲ.

"ನೀವಿನ್ನು ಹೊರಡಿ ಸಾರ್," ಎಂದಳು ಯಶಶ್ರೀ. ಆಮೇಲೆ ಅವರ ಮುಖ ನೋಡಿ, "ನೀವು ಚೆಕಿಂಗ್ ಇನ್ಸ್‌ಪೆಕ್ಟರ್ ಅಲ್ವಾ? ಕಾಲೇಜಿಗೆ ಹೋಗೋವಾಗ ನಿಮ್ಮನ್ನ ಕಂಡ್ರೆ ನಮಗೆಲ್ಲ ನಡುಕ. ಪಾಸ್ ಇದ್ರೂ ನಡುಕ."

"ಹಾಗಿದ್ರೆ ಐದು ನಿಮಿಷ ಕೊಡಮ್ಮಾ. ಇಲ್ಲಿ ಬಾ, ಇದನ್ನ ನೋಡು."

ಅವರು ಮುಂದಿನ ಗಾಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಗಾಲಿಯ ಮುಂದೆ ಒಂದು ನಿಂಬೆಹಣ್ಣು. ಆ ಕಡೆಯ ಗಾಲಿಯ ಮುಂದೆ ಇನ್ನೊಂದು.

"ನಿನ್ನೆ ಭಾನುವಾರ ಹನ್ನೊಂದಕ್ಕೆ ಇಲ್ಲೇ ಪೂಜೆ ಆಯ್ತು. ನಾನೂ ಇದ್ದೆ. ಅರ್ಚಕರು ಎರಡು ಹಣ್ಣಿಗೆ ಕುಂಕುಮ ಹಚ್ಚಿ ಗಾಲಿ ಮುಂದೆ ಇಟ್ರು. ಬಸ್ಸು ಹೊರಟಾಗ ಅವು ಗಾಲಿ ಕೆಳಗೆ ಸಿಕ್ಕಿ ಒಡೀಬೇಕು."

"ಎಲ್ಲ ಗಾಡಿಗೂ ಇಡ್ತಾರಲ್ಲ ಸಾರ್."

"ಇಡ್ತಾರೆ. ಈಗ ನೆಲ ನೋಡು. ಎಂಜಿನ್ನಿಂದ ಎಣ್ಣೆ ತೊಟ್ಟಿಕ್ಕಿದ ಕಲೆ ಅಲ್ಲಿದೆ. ಎಂಜಿನ್ ಇಲ್ಲಿದೆ. ಬಸ್ಸು ಒಂದು ಮಾರು ಮುಂದಕ್ಕೆ ಬಂದಿದೆ."

"ಹೌದು. ತಾನಾಗೇ ಉರುಳ್ತು ಅಂತ ಎಲ್ಲರೂ ಹೇಳ್ತಿದಾರೆ."

"ಉರುಳಿದ್ರೆ ನಿಂಬೆಹಣ್ಣು ಅಪ್ಪಚ್ಚಿ ಆಗಿರಬೇಕಲ್ಲಮ್ಮಾ? ಇವು ದುಂಡಗೆ ಕೂತಿವೆ! ಕುಂಕುಮದ ಸುಳಿವಿಲ್ಲ."

ಯಶಶ್ರೀ ಬಗ್ಗಿದಳು. ಟೈರಿನ ಹಲ್ಲುಗಳ ನಡುವೆ ಒಣಗಿದ ಸಿಪ್ಪೆ ಮೆತ್ತಿಕೊಂಡಿತ್ತು, ಎರಡು ಬೀಜವೂ ಇದ್ದವು. ಸಿಪ್ಪೆಯ ಮೇಲೆ ಕೆಂಪು.

"ಅಂದ್ರೆ ಹಳೇ ಹಣ್ಣು ಒಡೆದಿದೆ," ಎಂದಳು ನಿಧಾನವಾಗಿ. "ಬಸ್ಸು ನಿಂತ ಮೇಲೆ ಯಾರೋ ಹೊಸದು ತಂದು ಇಟ್ಟಿದಾರೆ."

"ಕೆಳಗೆ ಹೆಣ ಇದ್ದಾಗ. ಆ ಹೆಣವನ್ನ ನೋಡ್ತಾ." ಚಕ್ರಪಾಣಿ ಸಿಟ್ಟಿನಿಂದ ಎದ್ದು ನಿಂತರು.

ಅವರು ಡ್ರೈವರ್ ಸೀಟಿಗೆ ಹತ್ತಿ ಇಳಿದರು. ಮಾಯಣ್ಣನ ಹತಾರದ ಪೆಟ್ಟಿಗೆ ಎಲ್ಲಿ ಎಂದು ಕೇಳಿದರು. ಸ್ಪ್ಯಾನರುಗಳ ಅಡಿಯಿಂದ ಒಂದು ಕೆಂಪು ಬಟ್ಟೆಯನ್ನು ಎಳೆದರು.

"ಡಿಪೋದಲ್ಲಿ ಒಂದು ಕಟ್ಟಳೆ ಇದೆ. ಮೆಕ್ಯಾನಿಕ್ ಗಾಡಿ ಕೆಳಗೆ ಹೋಗೋ ಮುಂಚೆ ಸ್ಟೀರಿಂಗಿಗೆ ಕೆಂಪು ಬಟ್ಟೆ ಕಟ್ತಾನೆ. ಕೆಳಗೆ ಮನುಷ್ಯ ಇದಾನೆ, ಗಾಡಿ ಮುಟ್ಟಬೇಡ ಅಂತ. ಕಟ್ಟಿದೋನೇ ಬಿಚ್ಚಬೇಕು. ಡಿಪೋ ಮ್ಯಾನೇಜರ್ ಬಂದ್ರೂ ಬಿಚ್ಚೋ ಹಾಗಿಲ್ಲ. ಮಾಯಣ್ಣ ಮೂವತ್ತು ವರ್ಷದಲ್ಲಿ ಒಂದು ದಿನಾನೂ ಇದನ್ನ ತಪ್ಪಿಸಿದೋನಲ್ಲ."

ಯಶಶ್ರೀ ಬಟ್ಟೆಯನ್ನು ಬೆಳಕಿಗೆ ಹಿಡಿದಳು. ಗಂಟು ಗಂಟಾಗಿಯೇ ಇತ್ತು. ಬಟ್ಟೆ ಪಕ್ಕದಲ್ಲಿ ಹರಿದಿತ್ತು.

"ಬಿಚ್ಚೋಕೂ ಪುರುಸೊತ್ತಿರಲಿಲ್ಲ," ಎಂದಳು.

* * *

ಬಸ್ಸಿನ ಅಡಿಯಲ್ಲಿ ಇನ್ನೊಂದು ಸಂಗತಿಯಿತ್ತು. ಅದನ್ನು ತೋರಿಸುವಾಗ ಚಕ್ರಪಾಣಿ ತಲೆ ತಗ್ಗಿಸಿದರು.

ಹಿಂದಿನ ಗಾಲಿಗಳ ಮೇಲೆ, ಚಾಸಿಯ ಕಬ್ಬಿಣದ ತೊಲೆಗೆ ಸೀಮೆಸುಣ್ಣದಲ್ಲಿ ಒಂದು ವೃತ್ತ. ವೃತ್ತದೊಳಗೆ ಒಂದು ಅಡ್ಡಗೀಟು. ಓಡಿಸಬಾರದು ಎಂದು ಮೆಕ್ಯಾನಿಕ್ಕುಗಳು ಹಾಕುವ ಗುರುತು. ಹೊಸ ಬಣ್ಣವನ್ನು ಉಗುರಿನಲ್ಲಿ ಕೆರೆದರೆ, ಕೆಳಗೆ ಉಗುರು ಹೋಗುವಷ್ಟು ಬಿರುಕು.

"ಶುಕ್ರವಾರ ನಮ್ಮನೆಗೆ ಬಂದಿದ್ದ. ಸ್ವಾಮಿ, ಮೇಲೆ ನಲವತ್ತು ಮಕ್ಕಳು ಕೂತ್ರೆ ತಿರುವಿನಲ್ಲಿ ಈ ಬಿರುಕು ಬಾಯಿ ಬಿಡ್ತದೆ, ಬಸ್ಸು ಮಗುಚ್ತದೆ ಅಂದ. ಆಕ್ಷೇಪಣೆ ಬರ್ದು ತಂದಿದ್ದ, ನೀವೂ ಒಂದು ಸಹಿ ಹಾಕಿ ಅಂದ."

"ಹಾಕಿದ್ರಾ?"

"ಒಂದು ದಿನ ಓಡ್ಲಿ ಬಿಡೋ ಮಾರಾಯ, ಜನ ಎಷ್ಟು ಆಸೆಪಟ್ಟಿದಾರೆ ಅಂದೆ." ಅವರು ಕೈಯ ಧೂಳನ್ನು ಪಂಚೆಗೆ ಒರೆಸಿಕೊಂಡರು. "ನನಗೂ ಆಸೆ ಇತ್ತು. ತನ್ಮಯಿ ಮುಂದಿನ ಸೀಟಲ್ಲಿ ಕೂತು ಕೈ ಬೀಸೋದನ್ನ ನೋಡಬೇಕು ಅಂತ."

ಅಷ್ಟರಲ್ಲಿ ಯಶಶ್ರೀಯ ಮೊಬೈಲ್ ಹೊಡೆದುಕೊಂಡಿತು. ಮೂರು ಸಲ "ಸಾರ್" ಎಂದಳು. ನಾಲ್ಕನೆಯದು ಹಲ್ಲು ಕಚ್ಚಿಕೊಂಡು ಬಂತು.

"ಮೇಲಿಂದ. ಆಕಸ್ಮಿಕ ಸಾವು ಅಂತ ಬರ್ಕೊಂಡು ಮುಗಿಸಿ, ಸಚಿವರ ಕಾರ್ಯಕ್ರಮಕ್ಕೆ ಕೈ ಹಾಕಬೇಡಿ ಅಂತ. ಬಸ್ಸು ಗಟ್ಟಿಯಾಗಿದೆ ಅಂತ ಯಾರೋ ಇಂಜಿನಿಯರು ಬರೆದುಕೊಟ್ಟ ಕಾಗದ ಬೇರೆ ಇದೆ. ನಿಂಬೆಹಣ್ಣು, ಸೀಮೆಸುಣ್ಣ ಹಿಡ್ಕೊಂಡು ಬಸ್ಸು ತಡೆಯೋಕೆ ಆಗಲ್ಲ ಸಾರ್. ಹನ್ನೊಂದರೊಳಗೆ ನನಗೆ ಒಬ್ಬ ಮನುಷ್ಯ ಬೇಕು."

ಶೆಡ್ಡಿಗೆ ಮೂರು ಕೀಲಿಕೈ. ಒಂದು ಮಾಯಣ್ಣನ ಜೇಬಿನಲ್ಲೇ ಸಿಕ್ಕಿತ್ತು. ಇನ್ನೆರಡು ಶೀನಣ್ಣ ಮತ್ತು ಮನೋಹರ್ ಹತ್ತಿರ. ನಿನ್ನೆ ಪೂಜೆ ಮುಗಿಸಿ ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ ಎಂದು ಮನೋಹರ್ ಆಗಲೇ ಹೇಳಿಕೆ ಕೊಟ್ಟಿದ್ದ.

ಉಳಿದವನು ಶೀನಣ್ಣ.

* * *

ಶೀನಣ್ಣನ ಮೇಲೆ ಅನುಮಾನಕ್ಕೆ ಕಾರಣವೂ ಇತ್ತು. ಬಸ್ಸು ಓಡಿದರೆ ಅವನಿಗೆ ಕಾಯಂ ಡ್ರೈವರ್ ಕೆಲಸ ಎಂದು ಮನೋಹರ್ ಮಾತು ಕೊಟ್ಟಿದ್ದ. ಓಡಿಸಬಾರದು ಎಂದ ಮಾಯಣ್ಣನ ಕೊರಳಪಟ್ಟಿಗೆ ಶನಿವಾರ ಕೈ ಹಾಕಿದ್ದನ್ನು ಪೆಂಡಾಲಿನವರು ನೋಡಿದ್ದರು.

"ನಿನ್ನೆ ಎಷ್ಟೊತ್ತಿಗೆ ಹೋದೆ?" ಯಶಶ್ರೀ ಕೇಳಿದಳು.

"ಪೂಜೆ ಆದ್ಮೇಲೆ ಮೇಡಂ. ಹನ್ನೆರಡೂವರೆಗೆ."

"ಮತ್ತೆ ಬರಲಿಲ್ವಾ?"

"ಇಲ್ಲ ಮೇಡಂ. ಮನೇಲಿದ್ದೆ."

ಟಿಕೆಟ್ ಇಲ್ಲದವನನ್ನು ಹಿಡಿಯುವಾಗ ಚಕ್ರಪಾಣಿ ಮೊದಲು ಮುಖ ನೋಡುತ್ತಿರಲಿಲ್ಲ. ಸುತ್ತ ನೋಡುತ್ತಿದ್ದರು. ಈಗಲೂ ಗೇಟಿನ ಕಡೆ ನೋಡಿದರು.

"ಆ ಮಾವಿನ ತೋರಣ ಕಟ್ಟಿದ್ಯಾರು ಶೀನಣ್ಣ?"

"ನಾನೇ ಸಾರ್."

"ಪೂಜೆ ಹೊತ್ತಲ್ಲಿ ತೋರಣ ಇರಲಿಲ್ಲ. ತೋರಣ ಇಲ್ಲದೆ ಪೂಜೆ ಏನ್ರೀ ಅಂತ ಅರ್ಚಕರು ರೇಗಿದ್ರು, ನನಗೆ ನೆನಪಿದೆ. ಹನ್ನೆರಡೂವರೆಗೆ ಮನೆಗೆ ಹೋದೋನು ಯಾವಾಗಯ್ಯಾ ಕಟ್ಟಿದೆ?"

ಶೀನಣ್ಣ ಬೆವರು ಒರೆಸಿಕೊಂಡ. ಎಷ್ಟು ಗದರಿಸಿದರೂ ಬಾಯಿ ಬಿಡಲಿಲ್ಲ. ಯಶಶ್ರೀ ಅವನನ್ನು ಜೀಪಿಗೆ ಹತ್ತಿಸಿದಳು.

ಡ್ರೈವರೇ ಇಲ್ಲದ ಮೇಲೆ ಬಸ್ಸು ಎಲ್ಲಿ ಹೋದೀತು ಎಂದು ಚಕ್ರಪಾಣಿ ಉಸಿರು ಬಿಡುವಷ್ಟರಲ್ಲಿ ಮನೋಹರ್ ಬಂದ.

"ಕೊಲೆಗಾರನ್ನ ಹಿಡಿದ್ರಾ? ಒಳ್ಳೇದಾಯ್ತು ಮೇಡಂ. ಬಸ್ಸು ನಾನೇ ಓಡಿಸ್ತೀನಿ ಬಿಡಿ. ಇಪ್ಪತ್ತು ವರ್ಷದ ಹಿಂದೆ ಮರಳು ಲಾರಿ ಓಡಿಸ್ಕೊಂಡು ಮೇಲೆ ಬಂದೋನು ನಾನು. ಪೇಪರ್‌ನೋರಿಗೆ ಹೇಳ್ಬಿಡಿ, ಒಳ್ಳೇ ಫೋಟೋ ಆಗುತ್ತೆ."

ಸತ್ತವನ ಹೆಸರಿನ ಬ್ಯಾನರು ಅಷ್ಟರಲ್ಲೇ ಬರೆಸಿಕೊಂಡು ಬಂದಿದ್ದರು. ಅದರಲ್ಲಿ ಮಾಯಣ್ಣನ ಹೆಸರು ಬೆರಳುದ್ದ, ಮನೋಹರ್ ಮುಖ ಆಳೆತ್ತರ. ಚಕ್ರಪಾಣಿ ಅದನ್ನು ನೋಡಿ ಹಲ್ಲು ಕಡಿದರು. ಆಟೊ ಹಿಡಿದು ಗವಿಪುರದ ಮನೆಗೆ ಹೊರಟರು. ಬೇರೆ ಏನೂ ಆಗದಿದ್ದರೂ ಮೊಮ್ಮಗಳನ್ನಾದರೂ ತಡೆಯಬೇಕಿತ್ತು.

* * *

ಮನೆಯಲ್ಲಿ ತನ್ಮಯಿ ಯೂನಿಫಾರ್ಮ್ ಹಾಕಿಕೊಂಡು, ರಿಬ್ಬನ್ ಕಟ್ಟಿಕೊಂಡು, ಗೋಳೋ ಎಂದು ಅಳುತ್ತಿದ್ದಳು. ಬಾಗಿಲಿಗೆ ಅಡ್ಡ ನಿಂತಿದ್ದವರು ಅಂಬುಜಮ್ಮ.

"ನಾನಾಗ್ಲೇ ಕಳಿಸಲ್ಲ ಅಂದಾಯ್ತು," ಎಂದರು ಗಂಡನನ್ನು ನೋಡಿ.

"ನಿನಗ್ಯಾರು ಹೇಳಿದ್ರೇ ಬಿರುಕಿನ ವಿಷಯ?"

"ಯಾವ ಬಿರುಕೂಂದ್ರೆ? ಇವತ್ತು ಸೋಮವಾರ. ಹತ್ತೂವರೆಯಿಂದ ಹನ್ನೆರಡು ಯಮಗಂಡ ಕಾಲ. ಮಕ್ಕಳನ್ನ ಕೂರಿಸ್ಕೊಂಡು ಹನ್ನೊಂದಕ್ಕೆ ಹೊರಡ್ತಾರಂತೆ! ಬುದ್ಧಿ ಬೇಡವೇ?"

"ಸಚಿವರಿಗೆ ಬೇರೆ ಹೊತ್ತಲ್ಲಿ ಪುರುಸೊತ್ತಿಲ್ಲವಂತೆ."

"ಅಯ್ಯೋ, ಆ ಮನೋಹರ್‌ಗೆ ಗೊತ್ತಾಗಲ್ವೇ? ಹೋದ ಸಲ ನಾಮಪತ್ರ ಹಾಕೋಕೆ ನಿಮಿಷ ನೋಡ್ಕೊಂಡು ಆಫೀಸಿನ ಮೆಟ್ಟಿಲ ಮೇಲೆ ಒಂದು ಗಂಟೆ ನಿಂತಿದ್ದ ಮನುಷ್ಯ. ಅವನು ಯಮಗಂಡದಲ್ಲಿ ಗಾಡಿ ಎಬ್ಬಿಸ್ತಾನಾ? ನಿನ್ನೇನೇ ಒಳ್ಳೇ ಹೊತ್ತು ನೋಡಿ ಪ್ರಸ್ಥಾನ ಮಾಡಿರ್ತಾನೆ, ಬಿಡಿ."

ಚಕ್ರಪಾಣಿ ಕೈಗೆತ್ತಿಕೊಂಡಿದ್ದ ಕಾಫಿ ಲೋಟ ಹಾಗೇ ನಿಂತಿತು.

ಹೊರಡಲೇಬೇಕಾದ ಗಳಿಗೆ ಕೆಟ್ಟದಾಗಿದ್ದರೆ, ಮುಂಚೆಯೇ ಒಂದು ಒಳ್ಳೆಯ ಗಳಿಗೆಯಲ್ಲಿ ಚೀಲವನ್ನೋ ಬಟ್ಟೆಯನ್ನೋ ಹೊಸ್ತಿಲು ದಾಟಿಸಿ ಪಕ್ಕದ ಮನೆಯಲ್ಲಿಟ್ಟು ಬರುವುದು ಈ ಬಡಾವಣೆಗಳಲ್ಲಿ ಎಲ್ಲ ಹಿರಿಯರಿಗೂ ಗೊತ್ತಿರುವ ಪದ್ಧತಿ. ಅದೇ ಪ್ರಸ್ಥಾನ. ಪ್ರಯಾಣ ಆಗಲೇ ಶುರುವಾಯಿತು ಎಂದು ಲೆಕ್ಕ. ಆಮೇಲೆ ಯಾವ ಕೆಟ್ಟ ಹೊತ್ತಿನಲ್ಲಿ ಹೊರಟರೂ ದೋಷವಿಲ್ಲ.

ಬಸ್ಸಿಗೆ ಪ್ರಸ್ಥಾನ ಮಾಡುವುದೆಂದರೆ ಗಾಲಿ ಒಂದು ಮಾರು ಉರುಳಬೇಕು.

"ಅಂಬುಜ, ನಿನ್ನೆ ಒಳ್ಳೇ ಹೊತ್ತು ಯಾವಾಗಿತ್ತು?"

ಅಂಬುಜಮ್ಮ ಪಂಚಾಂಗ ತೆಗೆಯಲೂ ಇಲ್ಲ. "ಮೂರೂಮುಕ್ಕಾಲಿನ ಮೇಲೆ ನಾಲ್ಕೂವರೆ ಒಳಗೆ. ನಾಲ್ಕೂವರೆಗೆ ರಾಹುಕಾಲ ಬಂತು."

"ಚಪ್ಪಲಿ ಮೆಟ್ಕೊ, ಬಾ. ನೀನೂ ಬರಬೇಕು. ಅಲ್ಲಿ ಇರೋ ತಾಯಂದಿರಿಗೆಲ್ಲ ಈ ಯಮಗಂಡದ ವಿಷಯ ಹೇಳಬೇಕು. ಜೋರಾಗಿ ಹೇಳು."

ಜೋರಾಗಿ ಹೇಳು ಎಂದು ಅಂಬುಜಮ್ಮನಿಗೆ ಗಂಡ ಹೇಳಿದ್ದು ಮದುವೆಯಾದ ಮೇಲೆ ಅದೇ ಮೊದಲು.

* * *

ಶೆಡ್ಡಿನ ಹೊರಗೇ ನಿಂತಿದ್ದ ಜೀಪಿನಲ್ಲಿ ಶೀನಣ್ಣ ಮುದುರಿ ಕೂತಿದ್ದ. ಚಕ್ರಪಾಣಿ ಪಕ್ಕದಲ್ಲಿ ಕೂತರು.

"ನೀನು ಕೊಂದಿಲ್ಲ ಅಂತ ನನಗ್ಗೊತ್ತು. ಕೆಂಪು ಬಟ್ಟೆ ಹರಿಯೋಕೆ ಯಾವ ಡ್ರೈವರಿಗೂ ಕೈ ಬರಲ್ಲ. ನಿನ್ನೆ ಮೂರೂಮುಕ್ಕಾಲರ ಹೊತ್ತಿಗೆ ಮಾವಿನ ಸೊಪ್ಪು ತಾ ಅಂತ ನಿನ್ನನ್ನ ಮಾರ್ಕೆಟ್ಟಿಗೆ ಕಳಿಸಿದ್ಯಾರು?"

ಶೀನಣ್ಣ ಅತ್ತುಬಿಟ್ಟ.

"ಮನೋಹರಣ್ಣ ಸಾರ್. ಮಾಯಣ್ಣ ಆಗ ಗಾಡಿ ಕೆಳಗಿದ್ರು. ಸ್ಟೀರಿಂಗಿಗೆ ಬಟ್ಟೆ ಕಟ್ಟಿತ್ತು, ನಾನೇ ನೋಡ್ದೆ. ಐದಕ್ಕೆ ಬಂದಾಗ ಬೀಗ ಹಾಕಿತ್ತು. ಮಾಯಣ್ಣ ಹೋದ, ನೀನು ತೋರಣ ಕಟ್ಟಿ ಮನೆಗೆ ಹೋಗು ಅಂತ ಅಣ್ಣ ಫೋನಲ್ಲಿ ಅಂದ್ರು. ಇವತ್ತು ಬೆಳಗ್ಗೆ ಕಿವೀಲಿ ಹೇಳಿದ್ರು, ಮಧ್ಯಾಹ್ನ ಇಲ್ಲಿದ್ದೆ ಅಂದ್ರೆ ನಿನ್ನ ತಲೆಗೇ ಬರುತ್ತೆ, ಬಾಯಿ ಮುಚ್ಕೊಂಡಿರು ಅಂತ."

ಸತ್ತವನ ಹೆಂಡತಿ ಮಾರಕ್ಕನ ಹೇಳಿಕೆಯೂ ಅಷ್ಟರಲ್ಲಿ ಬಂದಿತ್ತು. ಊಟ ಮುಗಿಸಿ ಎರಡೂವರೆಗೆ ಶೆಡ್ಡಿಗೆ ಹೋದ ಮಾಯಣ್ಣ ಮನೆಗೆ ಮರಳಲಿಲ್ಲ. ವಾರದಿಂದ ಎಷ್ಟೋ ದಿನ ಅಲ್ಲೇ ಮಲಗುತ್ತಿದ್ದುದರಿಂದ ಅವಳು ಹುಡುಕಿರಲಿಲ್ಲ.

"ಆದ್ರೂ ಡ್ರೈವರ್ ಮಾತು ಒಂದು ಕಡೆ, ಕಾರ್ಪೊರೇಟರ್ ಮಾತು ಒಂದು ಕಡೆ," ಎಂದಳು ಯಶಶ್ರೀ. ಆಗ ಗಂಟೆ ಹತ್ತೂ ಐವತ್ತು. "ಶೆಡ್ಡಿಗೆ ಬರಲೇ ಇಲ್ಲ ಅಂತಾನೆ ಆತ."

"ಬಂದಿದ್ದೆ ಅಂತ ಅವನ ಬಾಯಲ್ಲೇ ಬರಬೇಕು. ಬರುತ್ತೆ, ಸುಮ್ನಿರು."

ಮಕ್ಕಳು ಆಗಲೇ ಮಹಡಿ ಹತ್ತಿ ಕೂತಿದ್ದರು. ಕಿಟಕಿಗಳ ತುಂಬ ಕೈಗಳು. ಕೆಳಗೆ ಮನೋಹರ್ ವೇದಿಕೆಯ ಮೇಲೆ ಸ್ವಾಗತ ಮಾಡುತ್ತಿದ್ದ. ಸಚಿವರು ಶಾಲು ಹೊದಿಸಿಕೊಂಡು ಕೂತಿದ್ದರು.

ಅಂಬುಜಮ್ಮ ಮೊದಲ ಸಾಲಿನಲ್ಲಿದ್ದ ಒಬ್ಬಾಕೆಯ ಕಿವಿಯಲ್ಲಿ ಹೇಳಿದರು. ಕಿವಿಯಲ್ಲಿ ಎಂದರೆ ಹತ್ತು ಸಾಲಿಗೆ ಕೇಳುವಂತೆ. "ಯಮಗಂಡ ಕಣ್ರೀ! ಅದೂ ರಾತ್ರಿಯೆಲ್ಲ ಹೆಣ ಇದ್ದ ಬಸ್ಸು! ನಮ್ಮ ತನ್ಮಯಿನ ನಾನಂತೂ ಹತ್ತಿಸಲಿಲ್ಲಮ್ಮ!"

ಗುಸುಗುಸು ಶುರುವಾಯಿತು. ಒಬ್ಬಾಕೆ ಎದ್ದಳು. ಇನ್ನೊಬ್ಬಾಕೆ ಬಸ್ಸಿನ ಕಡೆ ಕೈಬೀಸಿ ಮಗನನ್ನು ಕೆಳಗೆ ಕರೆದಳು. ಮಾತು ವೇದಿಕೆಗೂ ಏರಿತು. ಸಚಿವರು ಪಕ್ಕದವನನ್ನು ಏನೋ ಕೇಳಿದರು. ಶಾಲು ತೆಗೆದು ಮಡಿಲಲ್ಲಿಟ್ಟುಕೊಂಡರು. ಗಡಿಯಾರ ನೋಡಿಕೊಂಡು ಎದ್ದು ನಿಂತರು.

ಮನೋಹರ್‌ನ ಎರಡು ವರ್ಷದ ಕನಸು ಕಣ್ಣೆದುರೇ ಮೆಟ್ಟಿಲಿಳಿದು ಕಾರಿನ ಕಡೆ ಹೋಗುವುದರಲ್ಲಿತ್ತು. ಮೈಕಿಗೆ ಬಾಯಿ ಹಚ್ಚಿದ.

"ತಾಯಂದಿರೇ! ಯಾರೂ ಭಯಪಡಬೇಡಿ! ಸಚಿವರು ದಯವಿಟ್ಟು ಕೂರಬೇಕು! ಈ ಮನೋಹರ್ ಶಾಸ್ತ್ರ ಬಿಟ್ಟೋನಲ್ಲ. ನಿನ್ನೆ ಭಾನುವಾರ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಒಳ್ಳೇ ಗಳಿಗೇಲಿ, ನಾನೇ ಸ್ಟೀರಿಂಗ್ ಹಿಡಿದು ಪ್ರಸ್ಥಾನ ಮಾಡಿದೀನಿ! ನನ್ನ ಕೈಯಿಂದಲೇ ಮೊದಲ ಗಾಲಿ ಉರುಳಿದೆ! ಯಾವ ದೋಷವೂ ಇಲ್ಲ!"

ಧ್ವನಿವರ್ಧಕ ನಾಲ್ಕಿತ್ತು. ಬುಲ್ ಟೆಂಪಲ್ ರಸ್ತೆಯ ಉದ್ದಕ್ಕೂ ಕೇಳಿತು.

ಯಶಶ್ರೀ ವೇದಿಕೆ ಹತ್ತಿದಳು.

* * *

"ಮಾಯಣ್ಣ ಸತ್ತದ್ದು ರಾತ್ರಿ, ಕುಡಿದು ಮಲಗಿದ್ದಾಗ ಅಂತ ನೀನೇ ಕತೆ ಕಟ್ಟಿದೆ," ಎಂದರು ಚಕ್ರಪಾಣಿ. ಅವರಿಗೆ ಮೈಕು ಬೇಕಾಗಿರಲಿಲ್ಲ. "ಆ ಕತೆಯನ್ನ ನೀನೇ ನಂಬಿಬಿಟ್ಟೆ. ಅದಕ್ಕೇ ನಾಲ್ಕು ಹತ್ತು ಅಂತ ಧೈರ್ಯವಾಗಿ ಒದರಿದೆ. ನಾಲ್ಕು ಹತ್ತಕ್ಕೆ ಅವನು ಬಸ್ಸಿನ ಕೆಳಗಿದ್ದ."

"ನನಗೆ... ನನಗೆ ಗೊತ್ತಿರಲಿಲ್ಲ."

"ಸ್ಟೀರಿಂಗಿಗೆ ಕಟ್ಟಿದ್ದ ಕೆಂಪು ಬಟ್ಟೆ ಹರಿಯದೆ ಗಾಡಿ ಹೇಗೆ ತಿರುಗಿಸಿದೆ? ಅದನ್ನ ಅವನ ಪೆಟ್ಟಿಗೆಗೇ ತುರುಕಿದೋನು ಯಾರು? ಕೆಂಪು ಬಟ್ಟೆ ಇದ್ರೆ ಕೆಳಗೆ ಮನುಷ್ಯ ಇದಾನೆ ಅಂತ ಈ ಶೆಡ್ಡಿನ ಇಲಿಗೂ ಗೊತ್ತು."

ಮನೋಹರ್ ಕುರ್ಚಿ ಹುಡುಕಿದ. ಸಚಿವರ ಕುರ್ಚಿ ಖಾಲಿಯಾಗಿತ್ತು. ಕಾರೂ ಹೋಗಿಯಾಗಿತ್ತು.

"ಹೊರಗೆ ಬಾ ಅಂದೆ," ಎಂದ ಕೊನೆಗೆ. "ಹತ್ತು ಸಲ ಅಂದೆ. ಬರಲ್ಲ, ನಾಳೆ ಸಚಿವರನ್ನೇ ಕರ್ದು ಈ ಬಿರುಕು ತೋರಿಸ್ತೀನಿ ಅಂದ. ಗಳಿಗೆ ಮೀರ್ತಿತ್ತು. ಸ್ಟಾರ್ಟ್ ಮಾಡಿದ್ರೆ ಹೆದರಿ ಈಚೆ ಬರ್ತಾನೆ ಅಂತ..."

"ಹೆದರಿಸೋನು ಸ್ಟಾರ್ಟ್ ಮಾಡಿ ಕಾಯ್ತಾನೆ," ಎಂದಳು ಯಶಶ್ರೀ. "ನೀವು ಮೊದಲು ಗಾಲಿಗೆ ಕೊಟ್ಟಿದ್ದ ಕಲ್ಲು ತೆಗೆದ್ರಿ. ಬಟ್ಟೆ ಹರಿದ್ರಿ. ಆಮೇಲೆ ಗೇರ್ ಹಾಕಿದ್ರಿ."

"ಅಷ್ಟಕ್ಕೇ ಬಿಡಲಿಲ್ಲವಲ್ಲ!" ಚಕ್ರಪಾಣಿಯ ಕತ್ತಿನ ನರ ಉಬ್ಬಿತ್ತು. "ಹಳೇ ನಿಂಬೆಹಣ್ಣು ಒಡೆದಿದ್ದು ಹಾಗೇ ಬಿಟ್ಟಿದ್ರೆ ನೀನು ಬಚಾವಾಗ್ತಿದ್ದೆ ಕಣಯ್ಯಾ. ಬಸ್ಸು ತಾನಾಗೇ ಉರುಳ್ತು ಅಂತ ನಾವೂ ನಂಬ್ತಿದ್ವಿ. ಆದ್ರೆ ಇವತ್ತು ಬಾವುಟ ತೋರಿಸಿದಾಗ ಗಾಲಿ ಮುಂದೆ ಹಣ್ಣಿಲ್ಲ ಅಂದ್ರೆ ಅಪಶಕುನ! ಅಲ್ಲೇ ಹೆಣ ಬಿದ್ದಿದೆ, ನೀನು ಹೋಗಿ ಎರಡು ಹೊಸ ಹಣ್ಣು ತಂದು ಜೋಡಿಸಿಟ್ಟೆ. ಅವನ ಬಾಯಿಗೆ ಒಂದು ತೊಟ್ಟು ನೀರು ಬಿಡಬೇಕು ಅಂತ ಅನ್ನಿಸಲಿಲ್ಲ. ಹಣ್ಣು ಇಡಬೇಕು ಅಂತ ಅನ್ನಿಸ್ತು!"

ಮನೋಹರ್ ತಲೆಯೆತ್ತಿದ. ಈಗ ಅವನಿಗೂ ಸಿಟ್ಟು ಬಂದಿತ್ತು.

"ಬಸ್ಸು ಬೇಕು, ಬಸ್ಸು ಬೇಕು ಅಂತ ಕುಣಿದೋರು ಯಾರು ಸಾರ್? ನೀವಲ್ವಾ? ಇಲ್ಲಿ ಕೂತಿರೋರೆಲ್ಲ ಅಲ್ವಾ? ನಾನೊಬ್ಬನೇನಾ?"

ಚಕ್ರಪಾಣಿ ಮಹಡಿಯ ಮುಂದಿನ ಸೀಟಿನ ಕಡೆ ತಲೆಯೆತ್ತಿ ನೋಡಿದರು. ಯಶಶ್ರೀ ಮನೋಹರ್‌ನ ತೋಳು ಹಿಡಿದು ಇಳಿಸಿಕೊಂಡು ಹೋದಳು.

ಮಕ್ಕಳನ್ನು ಒಬ್ಬೊಬ್ಬರಾಗಿ ಇಳಿಸಿದರು. ಗಾಂಧಿಬಜಾರಿನ ಯಾರೋ ಹಿರಿಯರು ಕೊಡೆ ಊರಿಕೊಂಡು ಹತ್ತಿರ ಬಂದರು. "ಒಂದು ರೌಂಡ್ ಹೊಡೆಸಿ ಆಮೇಲೆ ಅರೆಸ್ಟ್ ಮಾಡಬಹುದಿತ್ತಲ್ರೀ. ಬೆಳಗ್ಗೆಯಿಂದ ಕಾದಿದೀವಿ," ಎಂದರು.

ಚಕ್ರಪಾಣಿ ಅವರ ರಟ್ಟೆ ಹಿಡಿದು ಬಸ್ಸಿನ ಹಿಂದಕ್ಕೆ ಎಳೆದುಕೊಂಡು ಹೋದರು. "ಬಗ್ಗಿ. ಬಗ್ಗಿ ನೋಡಿ ಅಂದ್ನಲ್ಲ! ಆ ಬಿಳೀ ವೃತ್ತದೊಳಗೆ ಉಗುರು ಹಾಕಿ."

ಹಿರಿಯರು ಬಗ್ಗಿದರು. ಉಗುರು ಹಾಕಿದರು. ಎದ್ದವರು ಮಹಡಿಯಿಂದ ಆಗಷ್ಟೇ ಇಳಿದಿದ್ದ ತಮ್ಮ ಮೊಮ್ಮಗನ ಕೈ ಗಟ್ಟಿಯಾಗಿ ಹಿಡಿದುಕೊಂಡು ಹೊರಟುಹೋದರು.

* * *

ಆಸ್ಪತ್ರೆಯ ಶವಾಗಾರದ ಎದುರು ಒಂದು ಬೇವಿನ ಮರ. ಅದರ ಕಟ್ಟೆಯ ಮೇಲೆ ಮಾರಕ್ಕ ಕೂತಿದ್ದಳು. ಅತ್ತು ಅತ್ತು ಕಣ್ಣು ಬತ್ತಿತ್ತು. ಚಕ್ರಪಾಣಿ ನಿಂತೇ ಎಲ್ಲವನ್ನೂ ಹೇಳಿದರು. ಯಾರು, ಯಾವಾಗ, ಏಕೆ, ಹೇಗೆ ಸಿಕ್ಕಿಬಿದ್ದ ಎಂಬುದನ್ನೆಲ್ಲ. ಶುಕ್ರವಾರ ತಾವು ಸಹಿ ಹಾಕದೆ ಕಳಿಸಿದ್ದನ್ನೂ ಬಿಡಲಿಲ್ಲ.

ಅವಳು ಮನೋಹರ್ ವಿಷಯ ಕೇಳಲಿಲ್ಲ.

"ಮಕ್ಕಳು ಇಳಿದ್ವಾ ಸ್ವಾಮಿ?"

"ಎಲ್ಲ ಇಳಿದ್ವಮ್ಮಾ. ಒಂದೂ ಉಳಿದಿಲ್ಲ."

ಮಾರಕ್ಕ ಮುಖವೆತ್ತಿ ಅವರನ್ನೇ ನೋಡಿದಳು.

"ಅವ್ರು ಒಂದು ವಾರದಿಂದ ಬಾಯಿ ಬಡ್ಕೊಂಡ್ರು, ಮಕ್ಕಳನ್ನ ಹತ್ತಿಸ್ಬೇಡಿ ಅಂತ. ಒಬ್ರೂ ಕೇಳಲಿಲ್ಲ. ಯಮಗಂಡ ಅಂದ ತಕ್ಷಣ ಎಲ್ಲರೂ ಇಳಿಸ್ಕೊಂಡ್ರಾ?"

ಚಕ್ರಪಾಣಿ ಕಟ್ಟೆಯ ಮೇಲೆ ಕೂತುಬಿಟ್ಟರು. ಒಳಗಿಂದ ಯಾರೋ ಮಾಯಣ್ಣನ ಹೆಸರು ಕೂಗಿ, ಸಹಿ ಹಾಕಲು ಮನೆಯವರು ಬನ್ನಿ ಎಂದು ಕರೆದರು.